ಕಾಗದನಗರದಲ್ಲಿ ನಾನು ಸೈಕಲ್ ಹೊತ್ತ ಬಗೆ

ಗಂಡನ ಮೇಲೆ ಮುನಿಸಿಕೊಂಡ ನಾನು ಸೈಕಲ್ಲನ್ನು ಹೆಗಲ ಮೇಲೆ ಹೊತ್ತು, ಶಿವಮೊಗ್ಗದಿಂದ ಭದ್ರಾವತಿಯ ತವರಿಗೆ ಕಾಲ್ನಡಿಗೆಯಲ್ಲಿ ಹೋದೆನೆಂಬ ಸುದ್ದಿ ನಮ್ಮ ಬಡಾವಣೆಯಲ್ಲಿ ಹಬ್ಬಿದೆ. ಇದರಲ್ಲಿ ಸೈಕಲ್ ಹೊತ್ತದ್ದು ಮಾತ್ರ ನಿಜ. ಮುನಿಸು ನಮ್ಮಲ್ಲಿ ನಿತ್ಯದ್ದು. ಅದಕ್ಕಾಗಿ ನಾನು ಈವರೆಗೆ ಒಂದು ಕೈಚೀಲವನ್ನೂ ಹೊತ್ತು ಹೊರಟವಳಲ್ಲ. ಭದ್ರಾವತಿಗೆ ಹೋದದ್ದು ಗಂಡನ ಕಾರಿನಲ್ಲಿ, ಅವರ ಪಕ್ಕದಲ್ಲೇ ಕುಳಿತು, ದಾರಿಯುದ್ದಕ್ಕೂ ಅವರ ಡ್ರೈವಿಂಗನ್ನು ತಿದ್ದುತ್ತ. ಇನ್ನು ತವರು! ಅಪ್ಪ ತೀರಿಹೋಗಿ ನಾಲ್ಕು ವರ್ಷ. ಅಮ್ಮ ವೀರಮ್ಮ ನಮ್ಮೊಂದಿಗೇ ಇದ್ದಾಳೆ. ನಾನು ಹುಟ್ಟಿ ಬೆಳೆದ, ಭದ್ರಾವತಿಯ ಕಾಗದನಗರದ ಕ್ವಾರ್ಟರ್ಸ್, ಅಪ್ಪ ದುಡಿಯುತ್ತಿದ್ದ ಕಾಗದದ ಕಾರ್ಖಾನೆ ನಿಂತುಹೋದ ಮೇಲೆ ಬೇಲಿಯೊಳಗೆ ಸೇರಿಕೊಂಡಿದೆ.

ನಡೆದದ್ದನ್ನು ಕ್ರಮವಾಗಿ ಹೇಳುತ್ತೇನೆ.

ಒಂದು ಸಂಜೆ ನನ್ನ ಪತಿ ವೀರೇಂದ್ರ ಮೊಬೈಲ್ ನೋಡುತ್ತ, "ಭದ್ರಾವತೀಲಿ ಅದೇನೋ ಸೈಕ್ಲೋಕ್ರಾಸ್ ಅಂತೆ. ಹೆಂಗಸರಿಗೂ ಇದೆಯಂತೆ, ಹೋಗ್ತೀಯಾ?" ಎಂದು ನಕ್ಕರು. ನಾನು ಮೊಬೈಲನ್ನು ಕಿತ್ತುಕೊಂಡು ಸ್ಪರ್ಧೆಯ ನಕ್ಷೆಯನ್ನು ನೋಡಿದೆ. ದಾರಿ ಖಾಲಿ ಕ್ವಾರ್ಟರ್ಸ್‌ಗಳ ಹಿತ್ತಿಲ ಬದಿಯಲ್ಲೇ ಹಾದುಹೋಗುತ್ತಿತ್ತು. ಸ್ಪರ್ಧೆಯ ದಿನ ಮಾತ್ರ ಬೇಲಿಯ ಗೇಟು ತೆರೆಯುವುದಂತೆ. ಆ ಕ್ಷಣವೇ ನಾನು ಕ್ರೀಡಾಪಟುವಾದೆ.

ಆ ಹಿತ್ತಿಲಲ್ಲಿ ನಮ್ಮದೊಂದು ಬಟ್ಟೆ ಒಗೆಯುವ ಕಲ್ಲಿತ್ತು. ನನಗೆ ಒಂಬತ್ತು ವರ್ಷವಾಗಿದ್ದಾಗ, ಸೈಕಲ್ಲಿನ ಕ್ಯಾರಿಯರ್ ಹಿಡಿದು ಓಡುತ್ತಿದ್ದ ಅಪ್ಪ ಹೇಳದೆ ಕೇಳದೆ ಕೈಬಿಟ್ಟರು. ನಾನು ನೇರವಾಗಿ ಕಲ್ಲಿಗೆ ಹೋಗಿ ಗುದ್ದಿದೆ. ಕಲ್ಲಿನ ಮೂಲೆ ಒಡೆಯಿತು, ನನ್ನ ಗಲ್ಲವೂ ಒಡೆಯಿತು. ಅಪ್ಪ ಮೊದಲು ಮುಟ್ಟಿ ನೋಡಿದ್ದು ಕಲ್ಲನ್ನು. (ಕಲ್ಲು ಕಂಪನಿಯ ಆಸ್ತಿ, ಗಲ್ಲ ಸ್ವಂತದ್ದು.) ಆ ಒಡೆದ ಮೂಲೆಯನ್ನು ಇನ್ನೊಮ್ಮೆ ಮುಟ್ಟಬೇಕೆಂಬ ಆಸೆ ನಾಲ್ಕು ವರ್ಷಗಳಿಂದ ನನ್ನೊಳಗೆ ಕುಳಿತಿತ್ತು. ಆದರೆ ಇದನ್ನು ಗಂಡನಿಗೆ ಹೇಳುವುದು ಹೇಗೆ? 'ಕಲ್ಲು ನೋಡೋಕೆ ಭದ್ರಾವತಿಗೆ ಯಾಕೆ, ನಾನಿಲ್ವಾ?' ಎಂದುಬಿಡುವ ಪೈಕಿ ಅವರು. ಆದ್ದರಿಂದ, ರಕ್ತದೊತ್ತಡಕ್ಕೆ ಒಳ್ಳೆಯದೆಂದು ಹೋಗುತ್ತಿದ್ದೇನೆ ಎಂದೆ. ಅಮ್ಮನಿಗೂ ಅದನ್ನೇ ಹೇಳಿದೆ.

"ಬಿಪಿಗೆ ವಾಕಿಂಗ್ ಸಾಕಲ್ವೇನೆ?" ಎಂದರು ವೀರೇಂದ್ರ.

"ವಾಕಿಂಗ್‌ಗೆ ಯಾರು ಮೆಡಲ್ ಕೊಡ್ತಾರ್ರೀ? ಇಲ್ಲಿ ಮುಗಿಸಿದವರಿಗೆಲ್ಲ ಕೊಡ್ತಾರೆ."

"ಮುಗಿಸಿದವರಿಗೆ ಅಂತಿದೆ ಮಾರಾಯ್ತಿ, ಮುಗಿದುಹೋದವರಿಗೆ ಅಂತಿಲ್ಲ."

ಸೈಕ್ಲೋಕ್ರಾಸ್ ಎಂದರೆ ವಾಹನವು ಮನುಷ್ಯನನ್ನೂ ಮನುಷ್ಯನು ವಾಹನವನ್ನೂ ಸರದಿಯ ಮೇಲೆ ಹೊರುವ, ಸಮಾನತೆಯ ತತ್ತ್ವದ ಮೇಲೆ ನಿಂತಿರುವ ಕ್ರೀಡೆ. ಕೆಸರು, ಮರಳು, ಅಡ್ಡಹಲಗೆಗಳ ನಡುವೆ ಒಂದೇ ದಾರಿಯನ್ನು ಸುತ್ತುತ್ತಿರಬೇಕು. ತುಳಿಯಲಾಗದ ಕಡೆ ಇಳಿದು, ಸೈಕಲ್ಲನ್ನು ಹೆಗಲಿಗೇರಿಸಿ ಓಡಬೇಕು. ಈ ಹೆಗಲೇರಿಸುವ ಕಲೆಯನ್ನು ನಾನು ತಾರಸಿಯ ಮೆಟ್ಟಿಲುಗಳ ಮೇಲೆ ಅಭ್ಯಾಸ ಮಾಡುತ್ತಿದ್ದಾಗಲೇ ಎದುರುಮನೆಯ ಕರಿಬಸಮ್ಮನವರು ಕಂಡದ್ದು. "ಸೈಕಲ್ ಹೊತ್ಕೊಂಡು ಎಲ್ಲಿಗೆ ಸ್ಫೂರ್ತಿ?" ಎಂದು ಕೇಳಿದರು. ಏದುಸಿರು ಬಂದಿದ್ದರಿಂದ ವಾಕ್ಯ ಪೂರ್ಣವಾಗಲಿಲ್ಲ. "ಭದ್ರಾವತಿಗೆ" ಎಂದಷ್ಟೇ ಹೇಳಿದೆ. ಉಳಿದದ್ದನ್ನು ಅವರು ತಮ್ಮ ಪ್ರತಿಭೆಯಿಂದ ತುಂಬಿಕೊಂಡರು.

ಸ್ಪರ್ಧೆಯ ಭಾನುವಾರ ಬಂತು. ಅಮ್ಮ ಉಪ್ಪಿಟ್ಟಿನ ಡಬ್ಬಿ ಹಿಡಿದು "ನಾನೂ ಬರ್ತೀನಿ" ಎಂದು ಕಾರು ಹತ್ತಿದಳು. ಸೀಟಿ ಊದಿದಾಗ ನಾವು ಹನ್ನೊಂದು ಮಂದಿ ಹೆಂಗಸರು ಹೊರಟೆವು. ಅರ್ಧ ಗಂಟೆಯ ಸ್ಪರ್ಧೆ. ಮೊದಲ ತಿರುವಿನಲ್ಲೇ ಹತ್ತು ಮಂದಿ ನನ್ನ ಮುಂದಿದ್ದರು. ನನಗೇನೂ ಬೇಸರವಾಗಲಿಲ್ಲ. ಕ್ವಾರ್ಟರ್ಸ್ ಸಾಲಿನ ಹಿಂಭಾಗಕ್ಕೆ ಬಂದೆ. ಬಾಗಿಲುಗಳಿಲ್ಲ, ನಂಬರುಗಳು ಅಳಿಸಿಹೋಗಿವೆ, ಎಲ್ಲವೂ ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂಥ ಮನೆಗಳು. ಕೊನೆಯಿಂದ ಮೂರನೆಯ ಹಿತ್ತಿಲಲ್ಲಿ ಸೀಬೆಮರ. ಅದರ ಬುಡದಲ್ಲಿ ಒಗೆಯುವ ಕಲ್ಲು. ಕಲ್ಲಿಗೆ ಒಡೆದ ಮೂಲೆ! ನೋಡುತ್ತ ನೋಡುತ್ತ ನಾನು ಸೈಕಲ್ ಸಮೇತ ಪೊದೆಯೊಳಗೆ ಹೋದೆ.

ಎರಡನೆಯ ಸುತ್ತಿನಲ್ಲಿ ಉಪಾಯ ಹೊಳೆಯಿತು. ಮೆಲ್ಲಗೆ ನಡೆದರೆ ಹೆಚ್ಚು ಹೊತ್ತು ನೋಡಬಹುದು. ಸಾಲಿನ ತುದಿಯಲ್ಲೇ ಇಳಿದು ಸೈಕಲ್ಲನ್ನು ಹೆಗಲಿಗೇರಿಸಿದೆ.

"ಮೇಡಂ, ಇಲ್ಲಿ ಹಲಗೆ ಇಲ್ಲ, ಹತ್ತಿ ಹತ್ತಿ!" ಎಂದು ಸ್ವಯಂಸೇವಕ ಸತೀಶ್ ಕೂಗಿದ.

"ಹಲಗೆ ಇಲ್ಲದ ಕಡೆ ಹೊರಬಾರದು ಅಂತ ರೂಲ್ ಇದೆಯೇನಪ್ಪ?"

ಅವನು ಜೇಬಿನಿಂದ ಕಾಗದ ತೆಗೆದು ಓದಿ, "ಇಲ್ಲ" ಎಂದು ಒಪ್ಪಿಕೊಂಡ.

ಅಷ್ಟರಲ್ಲಿ ಎಲ್ಲರಿಗಿಂತ ಮುಂದಿದ್ದ ಕಾಲೇಜು ಹುಡುಗಿ ರಕ್ಷಾ ಒಂದು ಸುತ್ತು ಹೆಚ್ಚಿಗೆ ಮುಗಿಸಿ ನನ್ನ ಹಿಂದೆಯೇ ಬಂದಳು. ನಾನು ಹೊತ್ತು ನಡೆಯುವುದನ್ನು ಕಂಡು, ಮುಂದೇನೋ ದೊಡ್ಡ ಅಡ್ಡಿಯಿದೆಯೆಂದು ಭಾವಿಸಿ ತಾನೂ ಇಳಿದು ಹೊತ್ತಳು. ಅವಳನ್ನು ಕಂಡು ಅವಳ ಹಿಂದಿನವಳು, ಅವಳನ್ನು ಕಂಡು ಮತ್ತೊಬ್ಬಳು. ಅಡ್ಡಪಲ್ಲಕ್ಕಿ ಉತ್ಸವದಂತೆ ನಾವು ನಾಲ್ವರು ಗಂಭೀರವಾಗಿ ಸಾಗಿದೆವು.

"ಆಂಟಿ, ಮುಂದೆ ಏನಿದೆ?" ಎಂದಳು ರಕ್ಷಾ ಏದುಸಿರಿನಲ್ಲಿ.

"ನಮ್ಮ ಮನೆ."

"ಹಾಂ?"

ಅವರೆಲ್ಲ ಸೈಕಲ್ ಹತ್ತಿ ಮಾಯವಾದರು. ನಾನು ಸೈಕಲ್ಲನ್ನು ಸೀಬೆಮರಕ್ಕೆ ಒರಗಿಸಿ, ಬಾಗಿ, ಒಡೆದ ಮೂಲೆಯ ಮೇಲೆ ಅಂಗೈಯಿಟ್ಟೆ. ಬಿಸಿಲಿಗೆ ಕಲ್ಲು ಬೆಚ್ಚಗಿತ್ತು. ಕ್ಯಾರಿಯರ್ ಹಿಡಿದು ಹಿಂದೆ ಓಡಿಬರುತ್ತಿದ್ದ ಅಪ್ಪನ ಚಪ್ಪಲಿಯ ಸಪ್ಪಳ, ಅವರ ಅಂಗಿಯಿಂದ ಎಂದೂ ಹೋಗದಿದ್ದ ಕಾಗದದ ತಿರುಳಿನ ಹುಳಿವಾಸನೆ, ಎಲ್ಲವೂ ಬಂದವು. ಅಪ್ಪ ಮಾತ್ರ ಬರಲಿಲ್ಲ. ನಾನು ಅತ್ತುಬಿಟ್ಟೆ. ಗಾಯವಾಗಿದೆಯೆಂದು ತಿಳಿದ ಸತೀಶ್ ನೀರಿನ ಬಾಟಲಿ ಹಿಡಿದು ಓಡಿಬಂದ. ಸ್ಪರ್ಧೆ ಮುಗಿದ ಸೀಟಿ ಕೇಳಿದಾಗಲೂ ನನ್ನ ಕೈ ಆ ಕಲ್ಲಿನ ಮೇಲೆಯೇ ಇತ್ತು. ನನ್ನ ಲೆಕ್ಕಕ್ಕೆ ಬಂದದ್ದು ಒಂದೇ ಸುತ್ತು, ಮೆಡಲ್ ಬರಲಿಲ್ಲ.

ಹಿಂದಿರುಗುವಾಗ, ಊರು ದಾಟುವ ಹೊತ್ತಿಗೆ, ಮನಸ್ಸು ತಡೆಯದೆ ಎಲ್ಲವನ್ನೂ ಹೇಳಿಬಿಟ್ಟೆ. ಹಿಂದಿನ ಸೀಟಿನಿಂದ ಅಮ್ಮ ಕೇಳಿದಳು:

"ಯಾವ ಮನೆ ಅಂದೆ?"

"ಕೊನೆಯಿಂದ ಮೂರನೇದಮ್ಮ. ಸೀಬೆಮರ ಇತ್ತಲ್ಲ."

"ಅದು ಫೋರ್‌ಮನ್ ಜಯಪ್ಪನವರ ಮನೆ ಕಣೆ."

"ಕಲ್ಲಿನ ಮೂಲೆ ಒಡೆದಿತ್ತಮ್ಮಾ!"

"ಯಾರ ಮನೇದು ಒಡೆದಿರ್ಲಿಲ್ಲ ಹೇಳು? ಕಾಲೋನಿ ಮಕ್ಕಳೆಲ್ಲ ಸೈಕಲ್ ಕಲಿತಿದ್ದು ಹಿತ್ತಿಲಲ್ಲೇ ಅಲ್ವಾ? ನಮ್ದು ಆಚೆ ಸಾಲು. ಅಳಿಯಂದ್ರು ಕಾರು ನಿಲ್ಸಿದ್ರಲ್ಲ, ಅದರ ಎದುರಿಗೇ ಇತ್ತು. ಒಳಗೆ ಹೋಗಿ ಹಿತ್ತಿಲಲ್ಲಿ ಕೂತ್ಕೊಂಡು ಇಬ್ರೂ ಉಪ್ಪಿಟ್ಟು ತಿಂದ್ವಿ."

ನಾನು ಗಂಡನ ಕಡೆ ತಿರುಗಿದೆ.

"ಅತ್ತೆಯವರು ಹೇಳಿದ್ರು, ಅದು ನಿಮ್ಮನೆ ಅಂತ," ಎಂದರು ಅವರು, ರಸ್ತೆಯಿಂದ ಕಣ್ಣು ತೆಗೆಯದೆ. "ನಾನು ಆ ಕಲ್ಲಿನ ಮೇಲೇ ಕೂತಿದ್ದೆ."

"ನನ್ನನ್ನ ಕರೀಬಾರದಾಗಿತ್ತೇನ್ರೀ?"

"ನೀನು ಬಿಪಿಗೆ ಅಂತ ಬಂದಿದ್ದೆ. ಮನೆ ನೋಡೋಕೆ ಬಂದಿದ್ದೀಯ ಅಂತ ನಮಗೆ ಹೇಗೆ ಗೊತ್ತಾಗ್ಬೇಕು ಮಾರಾಯ್ತಿ?"

ಬೆಳಿಗ್ಗೆ ಕಾರಿನಿಂದ ಇಳಿದಾಗ ನಾನು ಎದೆಗೆ ನಂಬರ್ ಚೀಟಿ ಚುಚ್ಚಿಕೊಳ್ಳುವುದರಲ್ಲಿ ಮುಳುಗಿದ್ದೆ; ಎದುರಿನ ಮನೆಯತ್ತ ತಲೆಯೆತ್ತಿರಲಿಲ್ಲ. "ಗಾಡಿ ತಿರುಗಿಸಿ!" ಎಂದೆ. ಮದುವೆಯಾದ ಮೇಲೆ ಮೊದಲ ಬಾರಿಗೆ ಅವರು ಎದುರು ಮಾತಾಡದೆ ತಿರುಗಿಸಿದರು. ಗೇಟಿನ ಬಳಿ ಕಾವಲುಗಾರ ಬೀರಪ್ಪ ಬೀಗ ಹಾಕಿ ಕುರ್ಚಿಯಲ್ಲಿ ಕೂತಿದ್ದ.

"ಮಧ್ಯಾಹ್ನದ ತನಕ ಮಾತ್ರ ಪರ್ಮಿಷನ್ ಇದ್ದಿದ್ದು ಮೇಡಂ."

"ಹತ್ತೇ ನಿಮಿಷ ಕಣಪ್ಪ. ನಾನು ಹುಟ್ಟಿದ ಮನೆ."

"ಎಲ್ಲರೂ ಹಂಗೇ ಹೇಳ್ತಾರೆ ಮೇಡಂ. ಬಂದವರಿಗೆಲ್ಲ ತೆಗೆದ್ರೆ ನನ್ನ ಕೆಲಸ ಹೋಗುತ್ತೆ."

ಸದ್ಯದ ಸ್ಥಿತಿ ಇಷ್ಟು: ಮನೆ ಅಲ್ಲಿಯೇ ಇದೆ. ಗೇಟಿಗೆ ಬೀಗವಿದೆ. ಅಮ್ಮ ಮನೆಯನ್ನು ನೋಡಿದ್ದಾಳೆ, ನನ್ನ ಗಂಡ ನೋಡಿದ್ದಾರೆ. ನಾನು ಇನ್ನೂ ನೋಡಿಲ್ಲ.