ಅತ್ತೆಯ ಮೀನಿನ ದವಾಖಾನೆ

ಕುಡಿಯುವ ನೀರಿಗೆ ಬೇಕಂತಲೇ ಉಪ್ಪು ಸುರಿಯುವ ಮನುಷ್ಯರನ್ನು ನೀವು ಕಂಡಿದ್ದೀರಾ? ನಾನು ಕಂಡಿದ್ದೇನೆ. ಕಂಡಿರುವುದೇನು, ಅವರ ಜೊತೆ ಒಂದೇ ಸೂರಿನ ಕೆಳಗೆ ಬಾಳುತ್ತಿದ್ದೇನೆ. ನಮ್ಮ ಶಹಾಬಾದಿನಲ್ಲಿ ಬೇಸಿಗೆ ಬಂತೆಂದರೆ ನಳದ ಮುಂದೆ ಕೊಡಗಳು ಸಾಲು ಹಿಡಿಯುತ್ತವೆ. ಬೋರಿನ ನೀರು ಬಾಯಿಗಿಟ್ಟರೆ ಸವುಳು. ಅದನ್ನು ಬೈಯುತ್ತಲೇ ನಾವೆಲ್ಲ ದೊಡ್ಡವರಾದೆವು. ಅಂಥ ಊರಿನಲ್ಲಿ ಫಿಲ್ಟರ್ ನೀರಿನ ಕ್ಯಾನುಗಳನ್ನು ತರಿಸಿ, ಅದಕ್ಕೆ ಅಂಗಡಿಯಿಂದ ತಂದ ಸಮುದ್ರದ ಉಪ್ಪನ್ನು ಬೊಗಸೆಗಟ್ಟಲೆ ಸುರಿದು, ಕಟ್ಟಿಗೆಯಿಂದ ತಿರುವಿ, "ಹಾಂ, ಈಗ ಛಲೋ ಆತು ನೀರು" ಎನ್ನುವವರು ನಮ್ಮ ಸೋದರತ್ತೆ, ಅಂದರೆ ನಮ್ಮಪ್ಪನ ಅಕ್ಕ. ಶಹಾಬಾದಿಗೆ ಸಮುದ್ರವಿಲ್ಲ ಎಂದು ಭೂಗೋಳದ ಪುಸ್ತಕ ಹೇಳಿದರೆ ನಂಬಬೇಡಿ. ಅದು ನಮ್ಮ ಪಡಸಾಲೆಯಲ್ಲಿ ಬಂದು ಕೂತಿದೆ, ಸೋಫಾ ಇದ್ದ ಜಾಗದಲ್ಲಿ. ಸೋಫಾ ಈಗ ಅಂಗಳದಲ್ಲಿದೆ.

ಅತ್ತೆ ಸರ್ಕಾರಿ ದವಾಖಾನೆಯಲ್ಲಿ ನರ್ಸ್ ಆಗಿದ್ದವರು. ಸೇಡಂ, ಚಿಂಚೋಳಿ, ಚಿತ್ತಾಪುರ ಎಂದು ವರ್ಗವಾಗುತ್ತಾ, ಹೋದಲ್ಲೆಲ್ಲ ರೋಗಿಗಳನ್ನು ಎಬ್ಬಿಸಿ ಕೂರಿಸಿ, ರೋಗಿಗಳ ನೆಂಟರನ್ನು ನಡುಗಿಸಿ, ಕೊನೆಗೆ ನಿವೃತ್ತಿಯಾಗಿ ತಮ್ಮನ ಮನೆಗೆ ಬಂದರು. ಮದುವೆ ಮಾಡಿಕೊಂಡವರಲ್ಲ. ಬೈಯದೆ ಅವರಿಗೆ ಅನ್ನ ಕರಗುವುದಿಲ್ಲ. ವಾರ್ಡು ಹೋದ ಮೇಲೆ ಬೈಯಲು ಯಾರಿದ್ದರು? ನಾವಿದ್ದೆವು. ನಾನು ವಾಡಿಯ ಹೈಸ್ಕೂಲಿನಲ್ಲಿ ಟೀಚರು. ದಿನವಿಡೀ ಮಕ್ಕಳನ್ನು ಬೈದು, ರೈಲಿನಲ್ಲಿ ನಿಂತು ಬಂದು, ಮನೆಯಲ್ಲಿ ನಾನು ಬೈಸಿಕೊಳ್ಳಬೇಕು. ಚಪ್ಪಲಿ ಬಿಡುವ ಮೊದಲೇ, "ಕೈ ತೊಳಿ. ಸಾಬೂನು ಹಚ್ಚಿ ತೊಳಿ. ನೀರು ಮುಟ್ಟಿಸಿದ್ರ ತೊಳ್ದಂಗ ಅಲ್ಲ." ಮೂವತ್ತೈದು ದಾಟಿದ ಹೆಂಗಸಿಗೆ ಹೇಳುವ ಮಾತೇ ಇದು?

ಅದಿರಲಿ. ಸಮುದ್ರ ಬಂದ ಬಗೆ ಹೇಳುತ್ತೇನೆ.

ವಾಡಿಯ ಒಂದು ಹೋಟೆಲ್ಲಿನಲ್ಲಿ ನಮ್ಮ ನೆಂಟರ ಹುಡುಗಿಯ ನಿಶ್ಚಯ ಇತ್ತು. ಆ ಹೋಟೆಲ್ಲಿನ ಮಾಲೀಕರು ಶೋಕಿಗೆಂದು ಊಟದ ಹಾಲಿನಲ್ಲಿ ಆರಡಿ ಉದ್ದದ ಉಪ್ಪುನೀರಿನ ಗಾಜಿನ ತೊಟ್ಟಿ ಇಟ್ಟಿದ್ದರು. ಒಳಗೆ ಹವಳದ ಬಂಡೆ, ಬಣ್ಣದ ಮೀನು. ನಾವೆಲ್ಲ ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುವ ಹೊತ್ತಿಗೆ ಅತ್ತೆ ಎಲೆ ಬಿಟ್ಟು ಎದ್ದು ಹೋಗಿ ಗಾಜಿಗೆ ಮೂಗು ಹಚ್ಚಿ ನಿಂತಿದ್ದರು. ಮೀನುಗಳ ಮೈಮೇಲೆಲ್ಲ ರವೆ ಉದುರಿಸಿದ ಹಾಗೆ ಬಿಳಿ ಚುಕ್ಕೆ. ಅವು ಬಂಡೆಗೆ ಪಕ್ಕೆ ಉಜ್ಜಿಕೊಳ್ಳುತ್ತಿದ್ದವು.

"ಯಾರಿಲ್ಲಿ ಜವಾಬ್ದಾರಿ?" ಎಂದು ಅತ್ತೆಯ ವಾರ್ಡಿನ ದನಿ ಎದ್ದಿತು.

ಮಾಲೀಕರು ಓಡಿ ಬಂದರು. "ಅವ್ವಾರ, ನೀವು ಊಟ ಮಾಡ್ರಿ. ಮೀನು ಆಡ್ಲಿಕತ್ತಾವ."

"ಆಡ್ಲಿಕತ್ತಿಲ್ಲ, ತುರಿಸ್ಕೊಳ್ಳಿಕತ್ತಾವ. ಹುಳ ಹತ್ಯಾವ ಇವಕ್ಕ. ನಿಮ್ಮ ಮೈಮ್ಯಾಲ ಹುಳ ಬಿಟ್ರ ನೀವೂ ಹಿಂಗೇ ಆಡ್ತೀರಿ."

ಬೀಗರ ಕಡೆಯವರ ಕೈಯಲ್ಲಿನ ತುತ್ತು ಕೈಯಲ್ಲೇ ಉಳಿಯಿತು. ನಾನು ಹುಡುಗಿಯ ಅಮ್ಮನ ಮುಖ ನೋಡಲಾರದೆ ಹೋಳಿಗೆಯನ್ನು ನೋಡುತ್ತಾ ಕೂತೆ. ಅತ್ತೆ ಬಿಡಲಿಲ್ಲ. ಇದ್ದ ಜನರ ಮುಂದೆಲ್ಲ ಮಾಲೀಕರನ್ನು ನಿಲ್ಲಿಸಿ, ಜೀವ ಸಾಕುವವರು ಹೇಗಿರಬೇಕು ಎಂದು ಪಾಠ ಮಾಡಿದರು. ಅವರಿಗೂ ತಲೆ ಕೆಟ್ಟು, "ಅಷ್ಟು ಕಕ್ಕುಲಾತಿ ಇದ್ರ ನೀವೇ ಒಯ್ರಿ. ನನಗೂ ಸಾಕಾಗ್ಯಾದ" ಎಂದುಬಿಟ್ಟರು.

ತಲೆ ನೆಟ್ಟಗಿರುವವರು ಇದನ್ನು ಕೊಂಕು ಎಂದು ತಿಳಿಯುತ್ತಾರೆ. ನಮ್ಮ ಅತ್ತೆ, ಪೇಷಂಟುಗಳನ್ನು ತಮಗೆ ರೆಫರ್ ಮಾಡಿದ್ದಾರೆ ಎಂದು ತಿಳಿದರು. ಮರುದಿನ ಅಪ್ಪನ ಕಲ್ಲು ಪಾಲಿಶ್ ಶೆಡ್ಡಿನ ಟ್ರ್ಯಾಕ್ಟರು, ನೆಲಕ್ಕೆ ಹಾಸುವ ಪರಸಿ ಕಲ್ಲು ಹೇರುವ ಟ್ರ್ಯಾಕ್ಟರು, ವಾಡಿಗೆ ಹೋಗಿ ಸಮುದ್ರವನ್ನು ಹೇರಿಕೊಂಡು ಬಂತು. ಅತ್ತೆ ಟ್ರ್ಯಾಲಿಯಲ್ಲಿ ಮೀನಿನ ಬಕೆಟ್ಟುಗಳ ನಡುವೆ ಕೂತು, ಹೊಂಡ ಬಂದಾಗಲೆಲ್ಲ ಡ್ರೈವರನ್ನು ಬೈಯುತ್ತಾ ಬಂದರು.

ಮನೆಯಲ್ಲಿ ಮೊದಲ ಜಗಳ ರೋಗದ ಹೆಸರಿನ ಮೇಲೆ. ಅಮ್ಮ ಚುಕ್ಕೆ ನೋಡಿದವರೇ ಗಲ್ಲ ಬಡಿದುಕೊಂಡರು. "ಇದು ಅವ್ವ ಬಂದಾಳ. ಬೇವಿನ ತಪ್ಪಲ ಕಟ್ರಿ. ಮನ್ಯಾಗ ಒಗ್ಗರಣಿ ಬ್ಯಾಡ." ಮಕ್ಕಳಿಗೆ ಮೈಮೇಲೆ ಗುಳ್ಳೆ ಎದ್ದರೆ ನಮ್ಮಲ್ಲಿ ಒಗ್ಗರಣೆ ಹಾಕುವುದಿಲ್ಲ, ದೇವಿ ಸಿಟ್ಟಾಗುತ್ತಾಳೆ.

ಅತ್ತೆ ಗುಡುಗಿದರು. "ಅವ್ವನೂ ಅಲ್ಲ, ಅಪ್ಪನೂ ಅಲ್ಲ. ಹುಳ ಅದ, ಹುಳ. ಓದಿದವರ ಮನ್ಯಾಗ ಹಿಂಥಾ ಮಾತು ಆಡಬ್ಯಾಡ."

ನನಗೆ ಜೀವ ಬಂದ ಹಾಗಾಯಿತು. ವಿಜ್ಞಾನ ಗೆದ್ದಿತು, ಒಗ್ಗರಣೆ ಉಳಿಯಿತು ಎಂದುಕೊಂಡೆ. ಅಷ್ಟರಲ್ಲಿ ಅತ್ತೆ ಮುಂದುವರಿಸಿದರು: "ಆದ್ರ ಒಗ್ಗರಣಿ ಬ್ಯಾಡ. ಮೆಣಸಿನಕಾಯಿ ಘಾಟು ನೀರಿಗಿ ಇಳೀತದ." ಅಂದರೆ ಒಗ್ಗರಣೆ ದೇವಿಯ ಲೆಕ್ಕದಲ್ಲೂ ಇಲ್ಲ, ಹುಳದ ಲೆಕ್ಕದಲ್ಲೂ ಇಲ್ಲ! ಆ ಬೇಸಿಗೆಯಿಡೀ ನಾವು ಸಪ್ಪನೆಯ ಬೇಳೆಗೆ ರೊಟ್ಟಿ ಅದ್ದಿಕೊಂಡು ತಿಂದೆವು. ನನ್ನ ಸಿಟ್ಟಿನ ಮೂಲ ಯಾವುದು ಎಂದು ಕೇಳುವವರು ಒಂದು ವಾರ ಒಗ್ಗರಣೆಯಿಲ್ಲದ ಬೇಳೆ ತಿಂದು ಆಮೇಲೆ ಕೇಳಲಿ.

ಅತ್ತೆ ಮೊಬೈಲಿನಲ್ಲಿ ವಿಡಿಯೋ ನೋಡಿ ನೋಡಿ ರೋಗವನ್ನು ಅರೆದು ಕುಡಿದಿದ್ದರು. ಓಣಿಯವರು ಮೀನು ನೋಡಲು ಬಂದರೆ ಐದರಿಂದ ಆರರವರೆಗೆ ಮಾತ್ರ ಒಳಗೆ ಬಿಟ್ಟು, ಪಾಠ ಕೇಳಿಸಿಯೇ ಕಳಿಸುತ್ತಿದ್ದರು. ಹುಳ ಮೀನಿನ ಮೈ ತಿಂದು ದಪ್ಪಗಾಗಿ ಕೆಳಗೆ ಉದುರುತ್ತದೆ. ಬಂಡೆಗೆ ಅಂಟಿ ಗೂಡು ಕಟ್ಟುತ್ತದೆ. ಗೂಡು ಒಡೆದು ಮರಿಗಳು ಮತ್ತೆ ಮೀನು ಹುಡುಕುತ್ತವೆ. ತೊಟ್ಟಿಯಲ್ಲಿ ಮೀನೇ ಇಲ್ಲದಿದ್ದರೆ ಮರಿಗಳು ಉಪವಾಸ ಬಿದ್ದು ಸಾಯುತ್ತವೆ. ಆದ್ದರಿಂದ ಮೀನುಗಳನ್ನೆಲ್ಲ ಬೇರೆ ನೀರಿಗೆ ಹಾಕಿ, ಅದಕ್ಕೆ ತಾಮ್ರದ ದವಾ ಬೆರೆಸಬೇಕು. ದೊಡ್ಡ ತೊಟ್ಟಿಗೆ ಅದೇ ದವಾ ಹಾಕಿದರೆ ಒಳಗಿನ ಹವಳ ಸಾಯುತ್ತದೆ. ಹಾಗಾಗಿ ಅದು ಎರಡೂವರೆ ತಿಂಗಳು ಖಾಲಿ ಇರಬೇಕು.

"ಮೀನು ತಿನ್ನಲಿಕ್ಕ ಬರ್ತಾವೇನ್ರಿ?" ಎಂದು ಪಾಠದ ಕೊನೆಗೆ ಒಬ್ಬರು ಕೇಳಿದರು. ಅವರಿಗೆ ನಮ್ಮ ಮನೆಯ ಬಾಗಿಲು ಇಂದಿಗೂ ತೆರೆದಿಲ್ಲ.

ಹೀಗೆ ನಮ್ಮ ಪಡಸಾಲೆಯಲ್ಲಿ ಮೀನಿಲ್ಲದ ಮೀನಿನ ತೊಟ್ಟಿ ದೀಪ ಉರಿಸಿಕೊಂಡು, ಪಂಪು ಗುಳುಗುಳು ಅನ್ನಿಸಿಕೊಂಡು ಮೆರೆಯಿತು. ನೀರು ಕಾದರೆ ಹವಳ ಸಾಯುತ್ತದಂತೆ. ಮನೆಯಲ್ಲಿದ್ದ ಒಂದೇ ಕೂಲರನ್ನು ಅದರ ಮುಂದೆ ತಿರುಗಿಸಿದರು. ನಮ್ಮ ಕಡೆಯ ಬಿಸಿಲು ಗೊತ್ತಲ್ಲ, ಮಧ್ಯಾಹ್ನ ಕಾಗೆಗಳೂ ಹೊರಗೆ ಬರುವುದಿಲ್ಲ. ಅಪ್ಪ ಬನಿಯನ್ ಒದ್ದೆ ಮಾಡಿ ಹಾಕಿಕೊಂಡು ಕೂತರು. ನಾನು ಬೀಸಣಿಗೆ ಹಿಡಿದೆ. ಬಂದ ನೆಂಟರು ತೊಟ್ಟಿಯ ಮುಂದೆ ನಿಂತು "ಮೀನೆಲ್ಲಿ ಹೋದ್ವು?" ಎಂದರೆ, "ರಜಾ ಮ್ಯಾಲ ಹೋಗ್ಯಾವ, ಕೂಲರ್ ಇಲ್ಲಿ ಬಿಟ್ಟು" ಎಂದು ಹಲ್ಲು ಕಚ್ಚಿ ಹೇಳುತ್ತಿದ್ದೆ.

ಮೀನುಗಳು ಹಿತ್ತಲಿನಲ್ಲಿದ್ದವು. ಅವುಗಳ ದವಾಖಾನೆಯನ್ನು ಯಾವುದರಿಂದ ಕಟ್ಟಿದ್ದರು ಎಂದು ಶಹಾಬಾದಿನವರಿಗೆ ಹೇಳಬೇಕಾಗಿಲ್ಲ. ನಮ್ಮಲ್ಲಿ ನೆಲಕ್ಕೆ ಕಲ್ಲು, ಮಾಳಿಗೆಗೆ ಕಲ್ಲು, ಅಡುಗೆ ಕಟ್ಟೆಗೆ ಕಲ್ಲು, ಎಮ್ಮೆ ನೀರು ಕುಡಿಯುವುದು ಕಲ್ಲಿನಲ್ಲಿ, ಮುದುಕರು ಕೂತು ಹರಟುವುದು ಕಲ್ಲಿನ ಮೇಲೆ. ಅಪ್ಪ ಮೊದಲು ನೀಲಿ ಪ್ಲಾಸ್ಟಿಕ್ ಡ್ರಮ್ಮು ತೋರಿಸಿದ್ದರು. ಅತ್ತೆ ಕೆರಳಿದರು. "ಪೇಷಂಟ್‌ಗಳನ್ನ ಡ್ರಮ್ಮಿನ್ಯಾಗ ಹಾಕ್ತಾರೇನೋ? ನಮ್ಮ ಕಲ್ಲಿಲ್ಲೇನು, ತಂಪು ಇರ್ತದ." ಅಪ್ಪನಿಗೂ ಅದೇ ಬೇಕಾಗಿತ್ತು. ಒಳ್ಳೆ ಪಾಲಿಶ್ ಮಾಡಿದ ಪರಸಿಗಳನ್ನು ಆರಿಸಿ ತಂದು, ನಿಂತು ತೊಟ್ಟಿ ಕಟ್ಟಿಸಿದರು. ನೋಡಲು ಬಹಳ ಚೆಂದ ಇತ್ತು, ಅದನ್ನು ನಾನೂ ಒಪ್ಪುತ್ತೇನೆ.

ಅತ್ತೆ ಅಳತೆ ಹಿಡಿದು ದವಾ ಹಾಕಿದರು. ನೀರಿನಲ್ಲಿ ತಾಮ್ರ ಎಷ್ಟಿದೆ ಎಂದು ನೋಡಲು ಚಿಕ್ಕ ಗಾಜಿನ ಕೊಳವೆ ಇತ್ತು. ಅದರಲ್ಲಿ ತೊಟ್ಟಿಯ ನೀರು ತೆಗೆದು, ಪರೀಕ್ಷೆಯ ಹನಿ ಹಾಕಿದರೆ ನೀಲಿ ಬಣ್ಣ ಏಳುತ್ತದೆ. ಬಣ್ಣ ಇಳಿದರೆ ದವಾ ಕಡಿಮೆಯಾದಂತೆ, ಹುಳಕ್ಕೆ ಹಬ್ಬ. ಸಂಜೆ ನೀಲಿ ಇದ್ದದ್ದು ಬೆಳಿಗ್ಗೆ ಬಿಳಿಚಿಕೊಂಡಿತ್ತು. ಮತ್ತೆ ಹಾಕಿದರು. ಮತ್ತೆ ಇಳಿಯಿತು. ಪಟ್ಟೆ ಮೀನುಗಳು ಮೊದಲು ಹೋದವು. ಆಮೇಲೆ ಕೇಸರಿ ಬಣ್ಣದ ಜೋಡಿ ಹೋಯಿತು. ಒಂದೊಂದು ಸತ್ತಾಗಲೂ ಅತ್ತೆಯ ಬೈಗುಳ ಒಂದೊಂದು ಮೆಟ್ಟಿಲು ಏರಿತು.

"ಯಾರು ನೀರು ಬದಲಿ ಮಾಡಿದ್ರು? ನೀ ಮಾಡಿದಿ?" ಎಂದು ನನ್ನನ್ನೇ ಹಿಡಿದರು.

"ನನಗೇನು ಬ್ಯಾರೆ ಕೆಲಸಿಲ್ಲೇನ್ರಿ ಅತ್ತಿ? ನಿಮ್ಮ ಮೀನಿನ ಕಡಿ ತಲಿ ಹಾಕಿ ಸೈತ ಮಲಗಿಲ್ಲ ನಾ" ಎಂದು ನಾನೂ ಕೂಗಿದೆ.

ಕೊನೆಗೆ ಉಳಿದದ್ದು ಒಂದೇ, ತಟ್ಟೆಯಂತೆ ಚಪ್ಪಟೆಯಾದ ಹಳದಿ ಮೀನು. ಅದು ಅಮ್ಮನಿಗೆ ಅಚ್ಚುಮೆಚ್ಚು, ಏಕೆಂದರೆ ಅದು ಪಾಲಕ್ ಸೊಪ್ಪು ತಿನ್ನುತ್ತಿತ್ತು. "ಉಳಿದವು ಏನೇನೋ ತಿಂತಿದ್ವು. ಇದು ತಪ್ಪಲ ತಿಂತದ. ನಮ್ಮ ಪೈಕಿ ಅದ" ಎಂದು ಲಿಂಗಪೂಜೆ ಮುಗಿಸಿ ಬಂದು ದಾರಕ್ಕೆ ಎಲೆ ಕಟ್ಟಿ ನೀರಿಗೆ ಇಳಿಬಿಡುತ್ತಿದ್ದರು. ಅದರ ಮೈಮೇಲೂ ಚುಕ್ಕೆ ದಟ್ಟವಾಗುತ್ತಿದ್ದವು. ಎಲೆಯ ಕಡೆ ತಿರುಗುವುದು ಕಡಿಮೆಯಾಗಿತ್ತು.

ಅತ್ತೆ ಭಾನುವಾರ ನನ್ನನ್ನು ಎಳೆದುಕೊಂಡು ಕಲಬುರಗಿಗೆ ಹೊರಟರು, ದವಾ ಮಾರಿದವನ ಅಂಗಡಿಗೆ. ನನ್ನದೊಂದೇ ರಜೆ, ಅದೂ ಹೋಯಿತು.

"ನಿಮ್ಮ ದವಾ ಡುಪ್ಲಿಕೇಟ್ ಅದ. ನನ್ನ ಪೇಷಂಟ್ ಸಾಯ್ಲಿಕತ್ತಾವ" ಎಂದು ಅತ್ತೆ ಶುರುಮಾಡಿದರು.

ಅಂಗಡಿಯವನೂ ಸಿಟ್ಟಿನ ಮನುಷ್ಯನೇ. "ಗಾಜಿನ ಬಾಟ್ಲಿಯೊಳಗ ಉಪ್ಪುನೀರು ಹಾಕಿ, ಇದೇ ದವಾ ಬಿಟ್ಟು, ಒಂದು ದಿನ ಇಟ್ಟು ನೋಡ್ರಿ ಅಮ್ಮಾರ. ಬಣ್ಣ ಇಳೀತಂದ್ರ ನನ್ನ ಅಂಗಡಿ ಬಂದ್ ಮಾಡ್ತೀನಿ."

ಅತ್ತೆಗೆ ಇದಕ್ಕಿಂತ ಬೇರೆ ಏನು ಬೇಕಿತ್ತು? ಆ ಅಂಗಡಿ ಮುಚ್ಚಿಸುವುದು ಖಚಿತ ಎಂದು ರೈಲಿನಲ್ಲಿ ಗುರುತಿಲ್ಲದವರಿಗೆಲ್ಲ ಹೇಳುತ್ತಾ ಬಂದರು. ಮನೆಗೆ ಬಂದವರೇ ಅಮ್ಮನ ಉಪ್ಪಿನಕಾಯಿಯ ಎರಡು ಗಾಜಿನ ಭರಣಿಗಳನ್ನು ಖಾಲಿ ಮಾಡಿಸಿ ತೊಳೆದರು. ಎರಡರಲ್ಲೂ ಉಪ್ಪುನೀರು, ಎರಡರಲ್ಲೂ ದವಾ. ನೀರು ತೊಟ್ಟಿಯಲ್ಲಿ ಇದ್ದ ಹಾಗೆಯೇ ಇರಲಿ ಎಂದು ಒಂದರಲ್ಲಿ ಪರಸಿಯ ಚೂರು ಹಾಕಿದರು. ನರ್ಸ್ ಅಲ್ಲವೇ, ಮಾಡಿದರೆ ಸರಿಯಾಗಿಯೇ ಮಾಡಬೇಕು.

ಮರುದಿನ ನಾನು ಶಾಲೆಯಿಂದ ಬಂದೆ. ಕೈ ತೊಳಿ ಎಂದು ಯಾರೂ ಹೇಳಲಿಲ್ಲ. ಅಡುಗೆ ಕಟ್ಟೆಯ ಮೇಲೆ ಎರಡು ಕೊಳವೆಗಳಿದ್ದವು. ಬರಿ ಗಾಜಿನ ಭರಣಿಯ ನೀರು ನೀಲಿ. ಕಲ್ಲು ಹಾಕಿದ ಭರಣಿಯ ನೀರು ಬಿಳಿ.

"ಕಲ್ಲು ಕುಡದದ" ಎಂದರು ಅತ್ತೆ.

"ನಮ್ಮ ಕಲ್ಲಾ?" ಎಂದರು ಅಪ್ಪ, ಯಾರೋ ತಮ್ಮ ಮಗನ ಮೇಲೆ ದೂರು ತಂದ ಹಾಗೆ.

ಶಹಾಬಾದಿ ಕಲ್ಲು ಸುಣ್ಣದ ಕಲ್ಲು. ಇದು ನಮ್ಮಲ್ಲಿ ಹಾಲು ಕುಡಿಯುವ ಕೂಸಿಗೂ ಗೊತ್ತು. ಸುತ್ತ ಇಷ್ಟು ಸಿಮೆಂಟಿನ ಚಿಮಣಿಗಳು ನಿಂತಿರುವುದೇ ಅದನ್ನು ನಂಬಿ. ಅಂಥ ಕಲ್ಲು ನೀರಿನಲ್ಲಿನ ತಾಮ್ರವನ್ನು ಹೀರಿಕೊಳ್ಳುತ್ತದೆ ಎಂಬುದು ಮಾತ್ರ ನಮ್ಮಲ್ಲಿ ಯಾರ ತಲೆಗೂ ಹೊಳೆದಿರಲಿಲ್ಲ. ಅತ್ತೆ ಹಾಕಿದ ದವಾ ಎಲ್ಲ ಆ ಚೆಂದದ ತೊಟ್ಟಿಯೇ ಕುಡಿದಿತ್ತು. ಮೀನುಗಳಿಗೆ ಸಿಕ್ಕದ್ದು ತಂಪು ಮಾತ್ರ.

ಹಳದಿ ಮೀನನ್ನು ಅದೇ ಸಂಜೆ ನೀಲಿ ಡ್ರಮ್ಮಿಗೆ ಹಾಕಿದೆವು. ಹೊಸ ನೀರು, ಹೊಸ ದವಾ. ಅಳತೆ ಹಾಕಿಕೊಟ್ಟು ಅತ್ತೆ ಹಿತ್ತಲ ಮೆಟ್ಟಿಲ ಮೇಲೆ ಕೂತರು. ಮರುದಿನ ಬೆಳಿಗ್ಗೆ ನಾನು ಶಾಲೆಗೆ ಹೋಗುವಾಗ ಅಲ್ಲೇ ಇದ್ದರು, ಸಂಜೆ ಬಂದಾಗಲೂ ಅಲ್ಲೇ ಇದ್ದರು. ಬೈಗುಳ ನಿಂತಿತ್ತು. ಹಾಲು ಉಕ್ಕಿದರೆ ಬೈಯಲಿಲ್ಲ, ಅಮ್ಮ ಮೆಣಸಿನಕಾಯಿ ಹುರಿದರೂ ಬೈಯಲಿಲ್ಲ. ಇಷ್ಟು ದಿನ ಬೇಡಿಕೊಂಡ ಶಾಂತಿ ಸಿಕ್ಕಿತಲ್ಲ, ಖುಷಿಪಡಬೇಕಾಗಿತ್ತು. ನನಗೆ ಇನ್ನೂ ಸಿಟ್ಟು ಬಂತು. ದವಾ ಒಂದು ದಿನ ಇಳಿದರೂ ಹುಳ ಏಳುತ್ತದೆ ಎಂದು ಓಣಿಗೆಲ್ಲ ಪಾಠ ಹೇಳಿದವರು, ಆ ದಿನದ ಪರೀಕ್ಷೆಯನ್ನೇ ಮಾಡಿರಲಿಲ್ಲ. ಡ್ರಮ್ಮಿನೊಳಗೆ ಒಂದು ಜೀವ ಕಾಯುತ್ತಿತ್ತು.

ಹೋಗಿ ಅವರ ಮುಂದೆ ನಿಂತೆ. "ಅತ್ತಿ, ಏನ್ ನಡಸೀರಿ ನೀವು? ನೀರು ಯಾಕ ನೋಡಿಲ್ಲ? ನಾಕು ಮೀನು ಸತ್ವು ಅಂತ ಇದನ್ನೂ ಸಾಯಲಿಕ್ಕ ಬಿಡ್ತೀರೇನು? ಎದ್ದೇಳ್ರಿ. ಮೀನಿನ ಸಲುವಾಗಿ ಯಾರರ ಹಿಂಗ ಕೂಡ್ತಾರೇನು?"

ಅತ್ತೆ ತಲೆ ಎತ್ತಿದರು. ಕಣ್ಣು ತುಂಬಿ ಗಲ್ಲವೆಲ್ಲ ಒದ್ದೆಯಾಗಿತ್ತು. ಅವರು ಅಳುವುದನ್ನು ನಾನು ಕಂಡದ್ದು ಅದೇ ಮೊದಲು. ಅಜ್ಜಿ ಹೋದಾಗಲೂ ಓಡಾಡಿಕೊಂಡು ಎಲ್ಲರನ್ನೂ ಸಾಲಿನಲ್ಲಿ ನಿಲ್ಲಿಸಿದವರು ಅವರೇ.

"ಅಳ್ಲಿಕ್ಕ ಬಿಡು, ಹುಡುಗಿ" ಎಂದರು. "ವಾರ್ಡಿನ್ಯಾಗ ಒಂದು ಬೆಡ್ಡಿನ ಕೂಸು ಹೋದ್ರ, ಬಾಜೂ ಬೆಡ್ಡಿನ ಕೂಸಿಗಿ ಇಂಜೆಕ್ಷನ್ ಟೈಮ್ ಆಗಿರ್ತಿತ್ತು. ಕೈ ತೊಳ್ಕೊಂಡು ಹೋಗಲೇಬೇಕು. ಅದು ಮುಗಿಯೂದ್ರಾಗ ಮತ್ತೊಂದು. ಒಂದು ಕೂಸಿಗೂ ಅತ್ತಿಲ್ಲ ನಾ. ಒಂದಕ್ಕೂ ಟೈಮ್ ಸಿಗಲಿಲ್ಲ."

ಇಷ್ಟು ವರ್ಷ ಹೊತ್ತುಕೊಂಡು ತಿರುಗಿದ ಸಿಟ್ಟು ಎಲ್ಲಿ ಇಳಿಯಿತೋ ಗೊತ್ತಾಗಲಿಲ್ಲ. ಎದೆಯಲ್ಲಿ ಬರಿ ನೋವಿತ್ತು.

ಅತ್ತೆ ಸೆರಗಿನಿಂದ ಮೂಗು ಒರೆಸಿಕೊಂಡು, ಮೊಣಕಾಲಿಗೆ ಕೈಯೂರಿ ಏಳಲು ಹೊರಟರು. "ನಡಿ, ಟೈಮ್ ಆಗ್ಯಾದ. ನೀರು ನೋಡಬೇಕು."

ಅವರ ಹೆಗಲು ಹಿಡಿದು ಕೂರಿಸಿದೆ. "ಕುಂದ್ರಿ ಅತ್ತಿ. ನೀರು ನಾ ನೋಡ್ತೀನಿ. ನೀವು ಅಳ್ರಿ."

ಡ್ರಮ್ಮಿನ ಹತ್ತಿರ ಹೋಗಿ ಕೊಳವೆಯಲ್ಲಿ ನೀರು ತೆಗೆದು, ಹನಿ ಹಾಕಿ, ಬೆಳಕಿಗೆ ಹಿಡಿದೆ. ನೀಲಿ ಇತ್ತು, ನಿನ್ನೆಯಷ್ಟೇ ನೀಲಿ. ದವಾ ನಿಂತಿತ್ತು. ಕೆಳಗೆ ಹಳದಿ ಮೀನು ಅಮ್ಮ ಕಟ್ಟಿದ ಎಲೆಯ ತುದಿಯನ್ನು ಒಮ್ಮೆ ಕಚ್ಚಿ, ಬಿಟ್ಟು, ಮತ್ತೆ ಕಚ್ಚಿತು. ನನ್ನ ಹಿಂದೆ ಅತ್ತೆಯ ಅಳು ಮೊದಲು ಸಣ್ಣಗೆ, ಆಮೇಲೆ ಜೋರಾಗಿ ಕೇಳಿಸಿತು. ಅಪ್ಪ ಗಾಬರಿಯಾಗಿ ಬಾಗಿಲಿಗೆ ಬಂದರು, ಅಮ್ಮ ಅವರ ಕೈ ಹಿಡಿದು ಒಳಗೆ ಕರೆದುಕೊಂಡು ಹೋದರು. ನಾನು ತಿರುಗಿ ನೋಡಲಿಲ್ಲ. ಅತ್ತೆ ಅತ್ತು ಮುಗಿಸುವವರೆಗೂ ಅಲ್ಲೇ ನಿಂತು, ಮೀನಿಗೆ ಸಿಗುವಂತೆ ಪಾಲಕ್ ಎಲೆಯ ದಾರ ಹಿಡಿದುಕೊಂಡಿದ್ದೆ.