ಶಿವಾಲ ಗಲ್ಲಿಯ ಹಸಿರು ಚೌಕ

ಕಾಶಿಯಲ್ಲಿ ಮೋಕ್ಷಕ್ಕೆ ಜಾಗವಿದೆ, ಟ್ರಾನ್ಸ್‌ಫಾರ್ಮರಿಗೆ ಇಲ್ಲ. ಶಿವಾಲದ ಒಂದು ಗಲ್ಲಿಯಲ್ಲಿ ನಾಲ್ಕಡಿಗೆ ಐದಡಿ ನೆಲ ಸಿಕ್ಕೀತೇ ಎಂಬ ಗಹನವಾದ ಪ್ರಶ್ನೆ ಕಳೆದ ಜ್ಯೇಷ್ಠ ಮಾಸದಲ್ಲಿ ಎದ್ದು, ಇಬ್ಬರು ಗೃಹಸ್ಥರನ್ನೂ ಒಂದು ಮಠವನ್ನೂ ಒಬ್ಬ ಸರಕಾರಿ ಅಧಿಕಾರಿಯನ್ನೂ ಬೆಳಗಿನಿಂದ ಸಂಜೆಯವರೆಗೆ ಬಿಸಿಲಲ್ಲಿ ನಿಲ್ಲಿಸಿತು.

ಗಲ್ಲಿಯ ವೋಲ್ಟೇಜು ನೂರ ನಲವತ್ತಕ್ಕೆ ಇಳಿದಿತ್ತು. ಕರ್ನಾಟಕದ ಮಠದ ಮ್ಯಾನೇಜರ್ ಕೊಟ್ಟೂರಯ್ಯನವರ ಕೋಣೆಯ ಫ್ಯಾನು ಮಂಡಿನೋವಿನವರು ಪ್ರದಕ್ಷಿಣೆ ಹಾಕುವ ಹಾಗೆ ತಿರುಗುತ್ತಿತ್ತು. ನಡುನಡುವೆ ನಿಂತು ಸುಧಾರಿಸಿಕೊಳ್ಳುತ್ತಿತ್ತು. ಪಂಪು ನೀರೆತ್ತದೆ, ಕಾಶೀವಾಸಕ್ಕೆಂದು ಬಂದು ಮಹಡಿಯಲ್ಲಿದ್ದ ಇಪ್ಪತ್ತು ಅಜ್ಜಿಯರು ಕೊಡ ಹಿಡಿದು ಅವರ ಬಾಗಿಲಿಗೇ ಬರುತ್ತಿದ್ದರು. ಸ್ವಾಮಿಗಳು ಕರೆಸಿ ಎರಡೇ ಮಾತು ಹೇಳಿದ್ದರು: "ಟ್ರಾನ್ಸ್‌ಫಾರ್ಮರ್ ಬರಬೇಕು. ಮಠದ ಬಾಗಿಲ ಮುಂದ ಬರಬಾರದು. ಎರಡರಾಗ ಒಂದು ತಪ್ಪಿದರೂ ನೀವು ಊರಿಗೆ ಹೊರಡ್ರಿ."

ಊರಲ್ಲಿ ಕೊಟ್ಟೂರಯ್ಯನವರಿಗೆ ಇದ್ದದ್ದು ಒಬ್ಬ ಅಣ್ಣ ರುದ್ರಯ್ಯ ಮತ್ತು ಆತನೊಂದಿಗೆ ಇಪ್ಪತ್ತು ವರ್ಷದಿಂದ ಮಾತು ಬಿಟ್ಟ ಸಂಬಂಧ.

ಮೊದಲೆಲ್ಲ ಒಂದು ಟ್ರಾನ್ಸ್‌ಫಾರ್ಮರಿಗೆ ಹನ್ನೊಂದು ಕಚೇರಿಗಳ ಒಪ್ಪಿಗೆ ಬೇಕಿತ್ತು. ಈಗ ಹೊಸ ಪದ್ಧತಿ. ಬೀದಿಬೀದಿಯ ನಕ್ಷೆ ಮಾಡಿ, ಇಡಬಹುದಾದ ಕಡೆ ಹಸಿರು, ಇಡಕೂಡದ ಕಡೆ ಕೆಂಪು ಬಳಿದುಬಿಡುವುದು. ಹಸಿರಿನಲ್ಲಿ ಹನ್ನೊಂದು ಕಚೇರಿಗಳ ಗೊಡವೆಯಿಲ್ಲ. ಮೂರು ದಿನಕ್ಕೆ ಪರವಾನಗಿ. ಪೂಜಾಸ್ಥಳದಿಂದ ಎರಡು ಮೀಟರಿನೊಳಗೆ ಎಲ್ಲವೂ ಕೆಂಪು. ಈ ನಿಯಮ ಬರೆದವರು ಕಾಶಿಗೆ ಬಂದಿರಲಿಲ್ಲವೆಂದು ಕಾಣುತ್ತದೆ.

ನಕ್ಷೆಯ ಸಾಹೇಬರು ಟ್ಯಾಬ್ ಹಿಡಿದು ಹತ್ತು ಗಂಟೆಗೆ ಬಂದರು. ಸಂಜೆ ಐದಕ್ಕೆ ನಕ್ಷೆಗೆ ಬೀಗ. ಆಮೇಲೆ ಐದು ವರ್ಷ ಯಾರ ತಕರಾರೂ ನಡೆಯದು. ಗಲ್ಲಿಯಲ್ಲಿ ಹಸಿರಾಗಿದ್ದದ್ದು ಮೂರು ಕಡೆ: ಚೌರಾಸಿಯಾನ ಪಾನ್ ಅಂಗಡಿಯ ಪಕ್ಕ, ಯಾತ್ರಿಕರಿಗೆ ಪೂಜೆ ಮಾಡಿಸುವ ಪಂಡಾ ದೂಬೇಜಿಯ ಕಟ್ಟೆ, ಮಠದ ಬಾಗಿಲು.

"ಪಾನ್ ಅಂಗಡಿ ಹತ್ರ ಭಾಳ ಚಲೋ ಜಾಗ ಐತ್ರಿ" ಎಂದು ಕೊಟ್ಟೂರಯ್ಯನವರು ತಮ್ಮ ಹಿಂದಿಯಲ್ಲಿ ಹೇಳಿದರು.

ಚೌರಾಸಿಯಾ ಗೋಣಿಚೀಲ ಸರಿಸಿದ. ಅಡಿಯಲ್ಲಿ ಒಂದು ಶಿವಲಿಂಗ, ಮೇಲೊಂದು ಬಿಲ್ವಪತ್ರೆ.

"ಹೋದ ವಾರ ಇಲ್ಲಿ ಸುಣ್ಣದ ಡಬ್ಬಿ ಇದ್ದವಲ್ಲ?" ಎಂದರು ಸಾಹೇಬರು.

"ಸ್ವಯಂಭೂ, ಸಾಹಬ್. ಮಹಾದೇವ ಬರೋದಕ್ಕೆ ಮೊದಲು ಕಚೇರಿಗೆ ಅರ್ಜಿ ಹಾಕ್ತಾನಾ?"

ಸಾಹೇಬರು ಕೆಂಪು ಬಳಿದರು. ದೂಬೇಜಿಯ ಕಟ್ಟೆಯ ಮೇಲೆ ಎರಡು ಲಿಂಗ, ಒಂದು ನಂದಿ. ನಂದಿಯ ಹೊಟ್ಟೆಗೆ ಅಂಗಡಿಯ ಬೆಲೆಚೀಟಿ ಇನ್ನೂ ಅಂಟಿಕೊಂಡಿತ್ತು. ಸಾಹೇಬರು ಬಗ್ಗಿ ಅದನ್ನು ಓದಿದರು.

"ಕಣ್ಣೆದುರೇ ಮೋಸ ನಡದೈತಲ್ರಿ" ಎಂದರು ಕೊಟ್ಟೂರಯ್ಯ.

"ದೇವರ ವಯಸ್ಸು ಕೇಳೋ ಕಾಲಂ ಇದರಲ್ಲಿಲ್ಲ, ಮ್ಯಾನೇಜರ್ ಸಾಬ್" ಎಂದು ಸಾಹೇಬರು ಅದಕ್ಕೂ ಕೆಂಪು ಬಳಿದರು. "ಉಳಿದದ್ದು ನಿಮ್ಮ ಬಾಗಿಲು."

ಕೊಟ್ಟೂರಯ್ಯನವರು ಅಂಗಿಯ ಗುಂಡಿ ಬಿಚ್ಚಿ ಕೊರಳಿನ ಬೆಳ್ಳಿಯ ಕರಡಿಗೆ ತೋರಿಸಿದರು. "ನಮ್ಮಲ್ಲೂ ಲಿಂಗ ಐತ್ರಿ. ಮೂರು ಹೊತ್ತು ಪೂಜೆ ನಡೀತೈತಿ."

"ಅದು ನಡೆದಾಡುತ್ತೆ. ನಡೆದಾಡುವ ದೇವರಿಗೆ ನಕ್ಷೆಯಲ್ಲಿ ಗುರುತಿಲ್ಲ. ಐದು ವರ್ಷ ಬಾಗಿಲಲ್ಲೇ ಕೂತಿರ್ತೀರಾದರೆ ಹಾಕ್ತೀನಿ."

"ಕೂತುಬಿಡಿ ಗುರು, ಪಾನ್ ನಾನು ಕೊಡ್ತೀನಿ" ಎಂದ ಚೌರಾಸಿಯಾ.

ಮಹಡಿಯಿಂದ ಎಲ್ಲವನ್ನೂ ನೋಡುತ್ತಿದ್ದ ವೀರಮ್ಮಜ್ಜಿ ಕೊಡ ಕೆಳಗಿಟ್ಟರು. "ಅಯ್ನಾರ, ಇವರ ಗತೆ ನೀವೂ ಒಂದು ಕಲ್ಲು ತಂದು ನೆಡಬ್ಯಾಡ್ರಿ ಮತ್ತ. ಎದಿ ಮ್ಯಾಲ ಲಿಂಗ ಇದ್ದೋರು ಬಾಗಲಾಗ ನೆಟ್ಟರ, ಸ್ವಾಮ್ಯಾರು ನಿಮ್ಮನ್ನೂ ಅದರ ಬಾಜೂಕ ಹುಗೀತಾರ."

ಹುಗಿಯುವ ಮಾತು ಕೇಳಿದ್ದೇ ಕೊಟ್ಟೂರಯ್ಯನವರಿಗೆ ದಾರಿ ಕಂಡಿತು. ಅವರ ಮಠಗಳಲ್ಲಿ ಲಿಂಗೈಕ್ಯರಾದ ಗುರುಗಳನ್ನು ಸುಡುವುದಿಲ್ಲ. ಮಣ್ಣಿನಲ್ಲಿ ಕೂರಿಸಿ ಮೇಲೆ ಗದ್ದುಗೆ ಮಾಡುತ್ತಾರೆ.

"ಸಾಹೇಬ್ರ, ಈ ಹೊಸ್ತಿಲ ಮುಂದ ನಮ್ಮ ಹಳೇ ಗುರುಗಳ ಗದ್ದುಗಿ ಐತ್ರಿ. ನೆಲದೊಳಗ. ಅವರು ನಡೆದಾಡೂದಿಲ್ಲ."

"ಯಾವ ಗುರುಗಳು?"

ಆ ಗಳಿಗೆಯಲ್ಲಿ ಬಾಯಿಗೆ ಬಂದದ್ದು ಅಣ್ಣನ ಹೆಸರೊಂದೇ. "ರುದ್ರ ಶಿವಯೋಗಿಗಳು. ಮಹಾ ಮೌನಿಗಳು."

ಸಾಹೇಬರು ಕೆಂಪು ಬಳಿದರು. ದೂಬೇಜಿ ಆ ಕ್ಷಣವೇ ಹೊಸ್ತಿಲ ಮುಂದೆ ಉದ್ದಕ್ಕೆ ಮಲಗಿ ನಮಸ್ಕಾರ ಹಾಕಿದರು. ಪಕ್ಕದ ಬೀದಿಯ ಯಾತ್ರಿಕರಿಗೆ ಸುದ್ದಿ ಮುಟ್ಟಿಸಿದವರೂ ಅವರೇ. ಚೌರಾಸಿಯಾ ಚೆಂಡುಹೂವಿನ ಮಾಲೆ ತಂದ. ನಾಲ್ಕೂ ಮುಕ್ಕಾಲಿಗೆ ಸಾರನಾಥದಿಂದ ಆಟೋದಲ್ಲಿ ಬಂದಿಳಿದ ಸ್ವಾಮಿಗಳಿಗೆ ತಮ್ಮ ಮಠದ ಬಾಗಿಲಲ್ಲಿ ಐವತ್ತು ಮಂದಿ ನೆಲಕ್ಕೆ ಹಣೆ ಹಚ್ಚುತ್ತಿರುವುದು ಕಂಡಿತು.

"ಯಾರಿಗ್ರಿ ಇದು?"

"ರುದ್ರ ಶಿವಯೋಗಿಗಳಿಗೆ, ಬುದ್ಧೀ" ಎಂದರು ಕೊಟ್ಟೂರಯ್ಯ, ಬುದ್ಧಿಯವರ ಪಾದವನ್ನಷ್ಟೇ ನೋಡುತ್ತ.

ಸ್ವಾಮಿಗಳು ಮ್ಯಾನೇಜರನ್ನು ನೋಡಿದರು, ಐವತ್ತು ಮಂದಿಯನ್ನು ನೋಡಿದರು. ಐವತ್ತು ಮಂದಿ ಹೂವೇರಿಸಿದ ಮೇಲೆ ಅಲ್ಲಿ ಯಾರೂ ಇಲ್ಲವೆನ್ನುವುದು ಮಠಾಧಿಪತಿಗಳಿಗೆ ಶೋಭಿಸುವ ಮಾತಲ್ಲ. ಅವರೂ ಬಾಗಿ ಕೈ ಮುಗಿದರು.

"ಬಾಗಿಲೇನೋ ಉಳೀತು" ಎಂದರು ಮೆಲ್ಲಗೆ. "ಟ್ರಾನ್ಸ್‌ಫಾರ್ಮರ್?"

ಕೊಟ್ಟೂರಯ್ಯನವರಿಗೆ ಅಣ್ಣನ ಮುಖ ಕಣ್ಣ ಮುಂದೆ ಬಂತು. ಐದಕ್ಕೆ ಹತ್ತು ನಿಮಿಷವಿತ್ತು. ಸಾಹೇಬರು ಟ್ಯಾಬನ್ನು ಹಿಗ್ಗಿಸಿ, ಕುಗ್ಗಿಸಿ, ಓರೆ ಹಿಡಿದು ನೋಡಿದರು.

"ಒಂದು ಚೌಕ ಉಳಿದಿದೆ. ಎಲ್ಲ ದೇವರಿಂದಲೂ, ನಿಮ್ಮ ಗುರುಗಳಿಂದಲೂ ಎರಡು ಮೀಟರ್ ಆಚೆ. ಮಠದ ಆವರಣದ ಮೂಲೆ, ತಗಡಿನ ಮಾಡು. ಮಾಡು ತೆಗೆದರೆ ಸರಿಯಾಗಿ ಕೂರುತ್ತೆ."

"ಅದು ನನ್ನ ಖೋಲಿ" ಎಂದರು ಕೊಟ್ಟೂರಯ್ಯ.

"ಒಳಗೆ ಪೂಜಾಸ್ಥಳ ಇದೆಯಾ?"

"ನಾನು ಲಿಂಗಪೂಜೆ ಮಾಡ್ಕೊಳ್ಳೂದು ಅಲ್ಲೇ ರೀ."

"ಅದು ನಡೆದಾಡುವುದು ಅಂತ ಆಗಲೇ ಬರಕೊಂಡಿದ್ದೀನಿ. ಜಾಗದ ಯಜಮಾನರ ಒಂದು ಸಹಿ ಸಾಕು."

ಸ್ವಾಮಿಗಳು ಟ್ಯಾಬಿನ ಮೇಲೆ ಬೆರಳಿನಿಂದ ಸಹಿ ಮಾಡಿದರು. "ಗುರುಗಳ ಸಲುವಾಗಿ ಒಂದು ಖೋಲಿ ಬಿಡಾಕ ಆಗೂದಿಲ್ಲೇನು, ಕೊಟ್ಟೂರಯ್ಯ? ಅದರಾಗೂ ನೀವ ಹುಡುಕಿ ಕೊಟ್ಟ ಗುರುಗಳು."

ಪರವಾನಗಿ ಎರಡೇ ದಿನಕ್ಕೆ ಬಂತು. ಗಲ್ಲಿಗೆ ಈಗ ಇನ್ನೂರ ಮೂವತ್ತು ವೋಲ್ಟ್ ಬರುತ್ತದೆ. ಕೊಟ್ಟೂರಯ್ಯನವರು ಹೊರಗಿನ ಜಗಲಿಯಲ್ಲಿ ಮಲಗುತ್ತಾರೆ. ಅಲ್ಲಿ ಕರೆಂಟಿನ ಸಂಪರ್ಕವಿಲ್ಲ.