ಕಣಗಿಲೆ ಗಿಡಕ್ಕೆ ಗಾಳಿ ಬೆಳಕು

ನನಗಾದ ಆಘಾತದಿಂದ ನಾನಿನ್ನೂ ಚೇತರಿಸಿಕೊಂಡಿಲ್ಲ. ತಪ್ಪು ಮಾಡಿದವನಿಗೆ ಶಿಕ್ಷೆಯಾದರೆ ಅದು ನ್ಯಾಯ. ಶಾಸ್ತ್ರಪ್ರಕಾರ ಕೆಲಸ ಮಾಡಿದವನಿಗೂ ಶಿಕ್ಷೆಯೇ?

ಶಹಾಪುರದ ನಮ್ಮ ಅಡಿಗೆಮನೆಯ ಕಿಟಕಿಗೂ ಎದುರಿನ ರಸ್ತೆಗೂ ನಡುವೆ ಒಂದು ಕಣಗಿಲೆ ಗಿಡವಿದೆ. ಆಳೆತ್ತರ ಮೀರಿ, ಜಡೆಗಟ್ಟಿಕೊಂಡು ಬೆಳೆದಿತ್ತು. ಸೊಪ್ಪು ಬೇಕಾದಷ್ಟು, ಹೂ ಮಾತ್ರ ಬೆರಳೆಣಿಕೆ. ನನ್ನ ಹೆಂಡತಿ ಮೌನಮ್ಮ (ಈ ಹೆಸರಿಟ್ಟವರನ್ನು ನಾನಿನ್ನೂ ಹುಡುಕುತ್ತಿದ್ದೇನೆ) ಸೋಮವಾರದ ಪೂಜೆಗೆ ಪಕ್ಕದ ಮನೆ ರೇಣುಕಾದೇವಿಯ ಹತ್ತಿರ ಹೂ ಬೇಡುವುದು, ಬಂದು ನನ್ನ ಮೇಲೆ ಹರಿಹಾಯುವುದು.

"ಗಿಡಾನೂ ನಿಮ್ಮಂಗ ಆಗ್ಯಾದ ನೋಡ್ರಿ. ಮೈ ಬೆಳಸ್ಯಾದ, ಉಪಯೋಗ ಇಲ್ಲ!"

ಮೈ ಬೆಳೆದದ್ದು ನಿಜ. ಕರಿದದ್ದು ಮುಟ್ಟಬೇಡಿ, ದಿನಾ ಸಂಜೆ ನಡೆಯಿರಿ ಎಂದು ಡಾಕ್ಟರು ಹೇಳಿ ಎರಡು ತಿಂಗಳಾಯಿತು. ಅಂದಿನಿಂದ ನಾನು ಕರಿದದ್ದು ಮುಟ್ಟಿಲ್ಲ (ಎಂದು ಮನೆಯಲ್ಲಿ ನಂಬಿಕೆ). ದಿನಾ ಕೆನಾಲ್ ತನಕ ವಾಕಿಂಗ್ ಹೋಗುತ್ತೇನೆ (ಇದೂ ನಂಬಿಕೆಯೇ). ರಸ್ತೆ ದಾಟಿದರೆ ದೇವುವಿನ ಮಿರ್ಚಿಭಜಿ ಬಂಡಿ. ಅಲ್ಲಿಂದ ಮುಂದೆ ಕಾಲು ಏಳುವುದಿಲ್ಲ. "ಸುಳ್ಳು ಹೇಳಿದ್ದು ಗೊತ್ತಾಗ್ಲಿ, ದಿನಾ ನಾನೂ ನಿಮ್ ಜೋಡಿ ವಾಕಿಂಗ್ ಬರ್ತೀನಿ" ಎಂದು ಅವಳು ಆಗಾಗ ಬೆದರಿಸುತ್ತಿದ್ದಳು. ನನ್ನ ಸಾಯಂಕಾಲದ ಸ್ವಾತಂತ್ರ್ಯವೆಲ್ಲ ಆ ಸುಳ್ಳು ಅವಳಿಗೆ ಗೊತ್ತಾಗದಿರುವುದರ ಮೇಲೆ ನಿಂತಿತ್ತು.

ಹೂವಿನ ಅವಮಾನ ತಾಳಲಾರದೆ ಭೀಮರಾಯನಗುಡಿಯ ಕೃಷಿ ಕಾಲೇಜಿಗೆ ಹೋಗಿ ಗಿಡ ಸವರುವುದರಲ್ಲಿ ಒಂದು ದಿನದ ತರಬೇತಿ ಪಡೆದೆ. ಒಣಗಿದ ಟೊಂಗೆ ತೆಗೆಯಿರಿ, ಒಂದಕ್ಕೊಂದು ತಿಕ್ಕುವುದನ್ನು ತೆಗೆಯಿರಿ, ಗೆಣ್ಣಿನ ಮೇಲೆ ಓರೆಯಾಗಿ ಕತ್ತರಿಸಿರಿ, ನಡುವೆ ಗಾಳಿ ಬೆಳಕು ಆಡಲಿ ಎಂದರು. ಎಲ್ಲ ಬರೆದುಕೊಂಡೆ. ಕಣಗಿಲೆಯ ಹಾಲು ವಿಷವಂತೆ. ಭಾನುವಾರ ಕೈಗೆ ಮೌನಮ್ಮನ ಹಳೇ ಸಾಕ್ಸ್ ಏರಿಸಿ, ಗರಗಸ ಹಿಡಿದು ಮಧ್ಯಾಹ್ನದವರೆಗೆ ದುಡಿದೆ.

"ಯವ್ವಾ! ತಲಿ ಬೋಳಿಸಿ ಗಿಡದ ಜವಳ ತಗದೀರೇನ್ರಿ?" ಮೌನಮ್ಮ ಎದೆಯ ಮೇಲೆ ಕೈಯಿಟ್ಟುಕೊಂಡಳು.

"ಇದು ಸೈಂಟಿಫಿಕ್ ಕೆಲಸ! ನೋಡಿಲ್ಲಿ, ಈ ಕಡಿಂದ ಆ ಕಡಿಗೆ ಆರ್‌ಪಾರ್ ಕಾಣ್ತದ!"

ಅವಳು ನೋಡಿದಳು. ಮದುವೆಯಾದ ಇಪ್ಪತ್ತಾರು ವರ್ಷಗಳಲ್ಲಿ ಮೊದಲ ಸಲ ಹೆಸರಿಗೆ ತಕ್ಕಂತೆ ಸುಮ್ಮನಾದಳು. ಆಗಲೇ ನನಗೆ ಅನುಮಾನ ಬರಬೇಕಿತ್ತು.

ಸಂಜೆ ದೇವುವಿನ ಬಂಡಿಯ ಪಕ್ಕ ನನ್ನ ಮಾಮೂಲಿ ಸ್ಟೂಲಿನ ಮೇಲೆ ಕುಳಿತೆ. ಮೂರನೇ ಮಿರ್ಚಿ ಬಾಯಲ್ಲಿದ್ದಾಗ ಫೋನ್ ಬಂತು.

"ಎಲ್ಲಿದ್ದೀರಿ?"

"ಕೆನಾಲ್ ಮ್ಯಾಗ. ಜೋರ್ ನಡ್ಯಾಕತ್ತೀನಿ," ಏದುಸಿರು ಬಿಟ್ಟೆ. (ಖಾರಕ್ಕೆ ಅದು ತಾನಾಗಿಯೇ ಬರುತ್ತಿತ್ತು.)

"ಸ್ಟೂಲ್ ಮ್ಯಾಗ ಕುಂತು ಹ್ಯಾಂಗ್ ನಡೀತೀರಿ?"

ತಲೆ ಎತ್ತಿದೆ. ನಾನೇ ಬಿಡಿಸಿಟ್ಟ ಗಿಡದ ನಡುವಿನಿಂದ, ಚೌಕಟ್ಟು ಹಾಕಿಸಿದ ಫೋಟೊದಂತೆ, ಅಡಿಗೆಮನೆಯ ಕಿಟಕಿ. ಕಿಟಕಿಯಲ್ಲಿ ಮೌನಮ್ಮ. ಒಂದು ಕೈಯಲ್ಲಿ ಫೋನ್, ಇನ್ನೊಂದರಲ್ಲಿ ಲಟ್ಟಣಿಗೆ.

"ಗಿಡ ಛಲೋ ಕಡದೀರಿ. ಗಾಳಿ, ಬೆಳಕು ಎಲ್ಲಾ ಬರಾಕತ್ತಾವ," ಎಂದಳು. "ನಾಳಿಂದ ವಾಕಿಂಗಿಗೆ ಇಬ್ರೂ ಹೋಗೂಣು. ಮತ್ತ ಎಡಗಡೆ ಒಂದು ಟೊಂಗಿ ಉಳದದ ನೋಡ್ರಿ, ದೇವೂನ ಬಾಣಲಿ ಕಾಣವಲ್ದು. ಅದನ್ನೂ ಕಡೀರಿ."

ಇವತ್ತು ಬೆಳಿಗ್ಗೆ ಕಡಿದೆ. ಗೆಣ್ಣಿನ ಮೇಲೆ, ಓರೆಯಾಗಿ.